ಬೆಂಗಳೂರಿನ ಹೋಟೆಲುಗಳು ಮತ್ತು ಜೂಜು

ಊಟ, ವಸತಿ, ಮದ್ಯ, ಮನರಂಜನೆಗಳ ಜೊತೆಗೆ ಕಾನೂನಿನ ಒಪ್ಪಿಗೆ ಪಡೆದ ಜೂಜಾಟವೂ ಒಂದೇ ಸೂರಿನಡಿ ನಡೆಯುವ ತಂಗುದಾಣಕ್ಕೆ ಕ್ಯಾಸಿನೊ ಹೋಟೆಲ್ ಎನ್ನುತ್ತಾರೆ. ಕರ್ನಾಟಕದಲ್ಲಿ ಅಂಥದ್ದು ಒಂದೂ ಇಲ್ಲ. ಆದರೆ ಬೆಂಗಳೂರಿನ ನಡುಮಧ್ಯದಲ್ಲೇ ಸುಮಾರು ಒಂದು ಶತಮಾನದಿಂದ ಸರ್ಕಾರದ ಪರವಾನಗಿಯಲ್ಲಿ ಬಾಜಿ ಕಟ್ಟುವ ರೇಸ್ ಕೋರ್ಸ್ ಇದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಿಂದ ಬರುವ ಬಸ್ಸುಗಳು ಸೇರುವ ಮೆಜೆಸ್ಟಿಕ್‌ನಿಂದ ಅಲ್ಲಿಗೆ ನಡೆದೇ ಹೋಗಬಹುದು. ರೇಸ್ ಕೋರ್ಸಿನ ಎದುರಿಗೆ ಅದಕ್ಕಿಂತಲೂ ಹಳೆಯದಾದ ವೆಸ್ಟ್ ಎಂಡ್ ಹೋಟೆಲ್ ಇದೆ. ಎರಡರ ನಡುವೆ ಒಂದು ರಸ್ತೆ ಮಾತ್ರ ಅಡ್ಡ. ಮಲಗುವ ಕೋಣೆ ಈಚೆ ಬದಿಗೆ, ಪಣದ ಕಿಟಕಿ ಆಚೆ ಬದಿಗೆ ಉಳಿದದ್ದು ಆಕಸ್ಮಿಕವಲ್ಲ. ಮೈಸೂರು ಸಂಸ್ಥಾನದ ಕಾಲದಿಂದ ಇಂದಿನವರೆಗಿನ ಕಾನೂನು, ತೆರಿಗೆ, ನ್ಯಾಯಾಲಯದ ತೀರ್ಪುಗಳು ಮತ್ತು ಜನಾಭಿಪ್ರಾಯ ಸೇರಿ ಅವೆರಡನ್ನೂ ಬೇರೆ ಬೇರೆಯಾಗಿ ಇರಿಸಿವೆ.

ಹೋಲಿಕೆಗೆ ಅಮೆರಿಕದ ಲಾಸ್ ವೇಗಸ್ ಒದಗುತ್ತದೆ. ಅದು ರೈಲಿನಿಂದ ಹುಟ್ಟಿದ ಊರು. 1905ರ ಮೇ 15ರಂದು ರೈಲು ಕಂಪನಿ ಹಳಿಯ ಪಕ್ಕದ ನಿವೇಶನಗಳನ್ನು ಹರಾಜು ಹಾಕಿತು. ಮರುವರ್ಷವೇ ನಿಲ್ದಾಣದ ಮುಂದಿನ ಫ್ರೀಮಾಂಟ್ ಬೀದಿಯಲ್ಲಿ ಹೋಟೆಲ್ ನೆವಾಡಾ ತೆರೆಯಿತು. ನೆವಾಡಾ ರಾಜ್ಯ ಜೂಜನ್ನು ಒಮ್ಮೆ ನಿಷೇಧಿಸಿ, ಆರ್ಥಿಕ ಕುಸಿತದ ಬಿಸಿಯಲ್ಲಿ 1931ರ ಮಾರ್ಚ್ 19ರಂದು ಮತ್ತೆ ಬಾಗಿಲು ತೆರೆಯಿತು. ಅದೇ ವರ್ಷ ಹತ್ತಿರದಲ್ಲಿ ಹೂವರ್ ಅಣೆಕಟ್ಟಿನ ಕೆಲಸ ಶುರುವಾಗಿ, ಕೂಲಿಗೆ ದುಡಿಯುವ ಸಾವಿರಾರು ಗಂಡಸರು ಅಲ್ಲಿಗೆ ಬಂದಿಳಿದರು. ಮುಂದೆ ಅದೇ ಬೀದಿಯಲ್ಲಿ 1941ರಲ್ಲಿ ಎಲ್ ಕಾರ್ಟೆಜ್, 1946ರಲ್ಲಿ ಗೋಲ್ಡನ್ ನಗೆಟ್ ಬಂದವು. 1971ರಲ್ಲಿ ಹಳೆಯ ರೈಲು ನಿಲ್ದಾಣದ ಜಾಗದ ಮೇಲೇ ಯೂನಿಯನ್ ಪ್ಲಾಜಾ ಎಂಬ ಕ್ಯಾಸಿನೊ ಹೋಟೆಲ್ ಎದ್ದಿತು.

ಇಂಥ ಹೋಟೆಲಿನ ಲೆಕ್ಕಾಚಾರ ಸರಳ. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳಿವೆ. ಒಂದು ಸಂಖ್ಯೆಯ ಮೇಲೆ ಕಟ್ಟಿ ಗೆದ್ದವನಿಗೆ ಒಂದಕ್ಕೆ 35ರಂತೆ ಕೊಡುತ್ತಾರೆ. ಆ ಅಂತರದಲ್ಲಿ, ಕಟ್ಟಿದ ಪ್ರತಿ ನೂರರಲ್ಲಿ ಸರಾಸರಿ ಐದೂಕಾಲು ಹೋಟೆಲಿಗೇ ಉಳಿಯುತ್ತದೆ. ಒಬ್ಬ ಗಿರಾಕಿ ಒಂದು ರಾತ್ರಿ ಗೆಲ್ಲಬಹುದು. ಸಾವಿರ ಜನ ಸಾವಿರ ರಾತ್ರಿ ಆಡಿದರೆ ಗೆಲ್ಲುವುದು ಚಕ್ರದ ಒಡೆಯನೇ. ಹಾಗಾಗಿ ಅಲ್ಲಿ ಕೋಣೆ, ಊಟ, ಕುಡಿತಗಳೆಲ್ಲ ಗಿರಾಕಿಯನ್ನು ಮೇಜಿನ ಹತ್ತಿರ ಹೆಚ್ಚು ಹೊತ್ತು ಉಳಿಸಿಕೊಳ್ಳುವ ಸಾಧನಗಳು. ಅವುಗಳಲ್ಲಿ ನಷ್ಟವಾದರೂ ನಡೆಯುತ್ತದೆ. ಮಲಗುವ ಕೋಣೆಯೂ ಪಣದ ಮೇಜೂ ಒಬ್ಬನೇ ಮಾಲೀಕನ ಕೈಗೆ ಸೇರಿದರೆ ಆಗುವ ಮುಖ್ಯ ಬದಲಾವಣೆ ಇದು: ಅತಿಥಿ ಎದ್ದು ಹೋಗದಿರುವುದೇ ಲಾಭದ ಮೂಲವಾಗುತ್ತದೆ.

ಬೆಂಗಳೂರಿನಲ್ಲಿ ರೈಲು ನಿಲ್ದಾಣದ ಮುಂದೆ ಎದ್ದದ್ದು ಛತ್ರ. ಈಗ ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣವಿರುವ ಜಾಗದಲ್ಲಿ ಆಗ ಧರ್ಮಾಂಬುಧಿ ಕೆರೆ ಇತ್ತು. 1894ರಲ್ಲಿ ಹೆಸರಘಟ್ಟದ ನೀರು ಬರುವ ತನಕ ಪೇಟೆಯ ಜನರಿಗೆ ಆಸರೆಯಾಗಿದ್ದ ಕೆರೆಗಳಲ್ಲಿ ಅದೂ ಒಂದು. ಪಕ್ಕದಲ್ಲೇ ಗುಬ್ಬಿ ತೋಟದಪ್ಪನವರು 1903ರಲ್ಲಿ ತಮ್ಮ ಛತ್ರವನ್ನು ತೆರೆದರು. ಗುಬ್ಬಿಯಲ್ಲಿ 1838ರಲ್ಲಿ ಹುಟ್ಟಿ, ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ್ದ ಅವರು ಆ ಸಂಪತ್ತನ್ನು ಊರಿಂದೂರಿಗೆ ಹೋಗುವವರ ತಂಗುವಿಕೆಗೂ ಬಡ ವಿದ್ಯಾರ್ಥಿಗಳ ವಸತಿಗೂ ಕೊಟ್ಟರು. ಜಾತಿ ಮತ ನೋಡದೆ ಪ್ರಯಾಣಿಕರಿಗೆ ಇಳಿದುಕೊಳ್ಳಲು ಜಾಗ ಸಿಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ 'ಧರ್ಮಪ್ರವರ್ತ' ಎಂಬ ಬಿರುದಿತ್ತರು. ಬ್ರಿಟಿಷ್ ಸರ್ಕಾರ 'ರಾವ್ ಬಹದ್ದೂರ್' ಎಂದಿತು. 1910ರಲ್ಲಿ ಅವರು ತೀರಿಕೊಂಡರು. ತುಮಕೂರು, ಹಾಸನ, ಚಿತ್ರದುರ್ಗ, ಬಳ್ಳಾರಿ ಕಡೆಯಿಂದ ಮೆಜೆಸ್ಟಿಕ್‌ಗೆ ಬಂದಿಳಿದ ಎಷ್ಟೋ ತಲೆಮಾರಿನ ಹುಡುಗರು ಆ ಛತ್ರದ ಹಾಸ್ಟೆಲಿನಲ್ಲಿದ್ದು ಓದಿದ್ದಾರೆ. ಬೆಂಗಳೂರಿನ ತಂಗುದಾಣಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ದಂಡಿನ ಪ್ರದೇಶದ ಇಂಗ್ಲಿಷ್ ಹೋಟೆಲುಗಳಿಂದ ಆರಂಭಿಸುತ್ತಾರೆ. ಪಶ್ಚಿಮ ಬೆಂಗಳೂರಿನ ಕಡೆಯಿಂದ ನೋಡಿದರೆ ತೋಟದಪ್ಪನವರ ಛತ್ರಕ್ಕೇ ಮೊದಲ ಸ್ಥಾನ ಸಲ್ಲಬೇಕು.

ಛತ್ರಕ್ಕೂ ಮೊದಲು, 1887ರಲ್ಲಿ, ಊರಿನ ಇನ್ನೊಂದು ಮಗ್ಗುಲಲ್ಲಿ ವೆಸ್ಟ್ ಎಂಡ್ ಆರಂಭವಾಗಿತ್ತು. ಬ್ರಾನ್ಸನ್ ಎಂಬ ಇಂಗ್ಲಿಷ್ ಮಹಿಳೆ ಹತ್ತು ಕೋಣೆಗಳ ವಸತಿಗೃಹವಾಗಿ ಅದನ್ನು ಶುರುಮಾಡಿದರು. 1809ರಲ್ಲಿ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದ ಬ್ರಿಟಿಷ್ ದಂಡು ಹಲಸೂರಿನ ಕಡೆಯಿಂದ ಬೆಳೆಯುತ್ತ ಬಂದಿತ್ತು. ಇತ್ತ ಮಹಾರಾಜರ ಆಡಳಿತದ ಪೇಟೆ. ಹೋಟೆಲ್ ನಿಂತ ಹೈಗ್ರೌಂಡ್ಸ್ ಇವೆರಡೂ ಒಂದನ್ನೊಂದು ಮುಟ್ಟುವ ಎತ್ತರದ ಬಯಲು. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್, ಈಗ ರಾಜಭವನವಾಗಿರುವ ರೆಸಿಡೆನ್ಸಿ ಎಲ್ಲವೂ ಆಸುಪಾಸಿನಲ್ಲೇ ಇದ್ದವು. ಊಟಿಗೆ ಹೋಗುವ ಅಧಿಕಾರಿಗಳು, ಚಿನ್ನದ ಗಣಿಯ ಮೇಲಧಿಕಾರಿಗಳು, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದ ದೊರೆಗಳು ಇಳಿದುಕೊಳ್ಳುವಂಥ ಸ್ಥಳ. ಬಳಿಕ ಹೋಟೆಲು ಮದ್ರಾಸಿನ ಸ್ಪೆನ್ಸರ್ ಕಂಪನಿಯ ಕೈಸೇರಿತು. ಮದ್ರಾಸಿನ ಕನ್ನೆಮರಾ, ಊಟಿಯ ಸವಾಯ್‌ಗಳನ್ನೂ ನಡೆಸಿದ ಕಂಪನಿ ಅದು. 1984ರಲ್ಲಿ ಈ ಹೋಟೆಲುಗಳ ಆಡಳಿತ ತಾಜ್ ಸಮೂಹಕ್ಕೆ ಬಂತು. ಇಂದಿಗೂ ಸುಮಾರು 20 ಎಕರೆ ತೋಟದ ನಡುವೆ ನೂರಹದಿನೇಳು ಕೋಣೆಗಳಷ್ಟೇ ಇರುವುದು ಅದರ ವೈಶಿಷ್ಟ್ಯ. ಗಗನಚುಂಬಿಗಳು ಎದ್ದಿರುವ ಊರಿನ ನಡುವೆ ಹೆಂಚಿನ ಮಾಡು, ಮರದ ಜಾಲರಿಯ ಜಗಲಿ, ಹಳೆಯ ಮಳೆಮರಗಳು ಉಳಿದಿವೆ.

ರಾಜಕೀಯಕ್ಕೂ ಈ ಹೋಟೆಲಿಗೂ ನಂಟುಂಟು. ವಿಧಾನಸೌಧ, ಶಾಸಕರ ಭವನ, ಕುಮಾರಕೃಪಾ ಅತಿಥಿಗೃಹಗಳು ಹತ್ತಿರದಲ್ಲೇ ಇರುವುದರಿಂದ ಇದು ಸಹಜ. 2018-19ರ ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಇಲ್ಲಿ ಕೋಣೆ ಇಟ್ಟುಕೊಂಡಿದ್ದ ವಿಷಯ ವಿರೋಧ ಪಕ್ಷದ ಟೀಕೆಗೆ ಗುರಿಯಾಗಿ, ವಿಧಾನಸಭೆಯಲ್ಲಿ ಅವರೇ ವಿವರಣೆ ಕೊಡುವವರೆಗೆ ಹೋಯಿತು. ಅನತಿ ದೂರದಲ್ಲಿ 1971ರಲ್ಲಿ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ನಿಗಮ ಅಶೋಕ ಹೋಟೆಲನ್ನು ತೆರೆದಿತ್ತು. 2001ರಲ್ಲಿ ಅದನ್ನು ಗುತ್ತಿಗೆಗೆ ಕೊಟ್ಟ ಮೇಲೆ ಲಲಿತ್ ಅಶೋಕ ಎಂದಾಯಿತು. ರೇಸ್ ಕೋರ್ಸಿನ ಎರಡು ತುದಿಯ ವೃತ್ತಗಳನ್ನು ಜನ ಕರೆಯುವುದು ಕೂಡ ಹೋಟೆಲುಗಳ ಹೆಸರಿನಿಂದಲೇ: ಒಂದು ಮೌರ್ಯ ವೃತ್ತ, ಇನ್ನೊಂದು ಚಾಲುಕ್ಯ ವೃತ್ತ. ಎರಡನೆಯದರ ಅಧಿಕೃತ ಹೆಸರು ಬಸವೇಶ್ವರ ವೃತ್ತವಾದರೂ ಆಟೊದವರಿಗೆ ಚಾಲುಕ್ಯ ಎಂದರೇ ಬೇಗ ತಿಳಿಯುವುದು. 2023ರ ಮಾರ್ಚ್‌ನಲ್ಲಿ ರೇಸ್ ಕೋರ್ಸ್ ರಸ್ತೆಗೆ ನಟ ಅಂಬರೀಶ್ ಅವರ ಹೆಸರಿಡಲಾಯಿತು. ಕುದುರೆ ರೇಸಿನ ಮೇಲೆ ಅವರಿಗಿದ್ದ ಒಲವು ಎಲ್ಲರಿಗೂ ತಿಳಿದದ್ದೇ.

ಇನ್ನು ರಸ್ತೆಯ ಆಚೆ ಬದಿ. ದಂಡಿನ ಸೈನಿಕರ ಜೊತೆ ಬಂದ ಕುದುರೆ ಓಟ 1920ರ ದಶಕದಿಂದ ಈಗಿನ ಜಾಗದಲ್ಲಿ ನೆಲೆಯೂರಿತು. ಎಂಬತ್ತಕ್ಕೂ ಹೆಚ್ಚು ಎಕರೆಯ ಈ ಸರ್ಕಾರಿ ಭೂಮಿಯನ್ನು ಬೆಂಗಳೂರು ಟರ್ಫ್ ಕ್ಲಬ್ ಗುತ್ತಿಗೆಯ ಮೇಲೆ ಪಡೆದು ಬಳಸುತ್ತ ಬಂದಿದೆ. ಬೇಸಿಗೆ ಮತ್ತು ಚಳಿಗಾಲ ಎಂದು ಎರಡು ಋತುಗಳು. ಎರಡಕ್ಕೂ ಒಂದೊಂದು ಡರ್ಬಿ. ಪಶ್ಚಿಮಕ್ಕೆ ಮಾಗಡಿಯ ದಾರಿ ಹಿಡಿದು ಹೋದರೆ ಸಿಗುವ ಕುಣಿಗಲ್ಲಿನ ಕುದುರೆ ಫಾರಂ, ಟಿಪ್ಪು ಸುಲ್ತಾನನ ಅಶ್ವದಳದ ಕಾಲದಿಂದ ಹೆಸರಾದದ್ದು, ಇಲ್ಲಿ ಓಡುವ ಕುದುರೆಗಳನ್ನೂ ಬೆಳೆಸಿದೆ.

ಇಲ್ಲಿ ಪಣ ಎರಡು ಬಗೆ. ಬುಕ್ಕಿಯ ಬಳಿ ಕಟ್ಟಿದರೆ, ಕಟ್ಟಿದ ಗಳಿಗೆಯಲ್ಲಿ ಹಲಗೆಯ ಮೇಲಿದ್ದ ದರವೇ ಖಾಯಂ. ಟೋಟ್ ಕಿಟಕಿಯಲ್ಲಿ ಕಟ್ಟಿದರೆ ಎಲ್ಲರ ಹಣವೂ ಒಂದೇ ರಾಶಿಗೆ ಬೀಳುತ್ತದೆ. ಕ್ಲಬ್ಬಿನ ಪಾಲು, ಸರ್ಕಾರದ ತೆರಿಗೆ ಮುರಿದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ವಿನ್, ಪ್ಲೇಸ್, ಮೊದಲ ಮೂರು ಕುದುರೆಗಳನ್ನು ಕ್ರಮವಾಗಿ ಹೇಳಬೇಕಾದ ಟನಾಲ, ಸಾಲಾಗಿ ಹಲವು ಓಟಗಳ ವಿಜೇತರನ್ನು ಗುರುತಿಸಬೇಕಾದ ಜಾಕ್‌ಪಾಟ್, ಇವೆಲ್ಲ ಕನ್ನಡ ಪತ್ರಿಕೆಗಳ ಒಳಪುಟದಲ್ಲಿ ದಿನಾ ಅಚ್ಚಾಗುವ ಮಾತುಗಳು. ರೇಸಿನ ದಿನ ಸ್ಟ್ಯಾಂಡಿನಲ್ಲಿ ಪುಸ್ತಕದ ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಕುದುರೆಯ ತೂಕ, ಜಾಕಿಯ ಹೆಸರು, ಹಿಂದಿನ ಓಟದ ಸಮಯ ಗುರುತು ಹಾಕಿಕೊಳ್ಳುತ್ತ ನಿಂತವರನ್ನು ಕಂಡರೆ ಪರೀಕ್ಷೆಗೆ ಓದುವ ಹುಡುಗರ ನೆನಪಾಗುತ್ತದೆ. ಆ ಶ್ರದ್ಧೆ ನಿಜವಾದದ್ದು. ಮುರಿದುಕೊಂಡು ಉಳಿದದ್ದನ್ನು ಮಾತ್ರ ಹಂಚುವ ಲೆಕ್ಕದಲ್ಲಿ ಒಟ್ಟಾರೆ ಜನ ಸೋಲುವುದೂ ಅಷ್ಟೇ ನಿಜ.

ಈ ಎರಡು ಬದಿಗಳನ್ನು ಬೇರ್ಪಡಿಸಿದ್ದು ಕಾನೂನು. ಸಂವಿಧಾನದ ರಾಜ್ಯ ಪಟ್ಟಿಯ 34ನೇ ಬಾಬ್ತು ಪಣ ಮತ್ತು ಜೂಜನ್ನು ರಾಜ್ಯಗಳ ಅಧಿಕಾರಕ್ಕೆ ಬಿಟ್ಟಿದೆ. ಮೈಸೂರು ಸಂಸ್ಥಾನ 1932ರಲ್ಲೇ ಪಣದ ಮೇಲೆ ತೆರಿಗೆ ಕಾಯ್ದೆ ತಂದಿತ್ತು. 1952ರಲ್ಲಿ ರೇಸ್ ಕೋರ್ಸುಗಳ ಪರವಾನಗಿ ಕಾಯ್ದೆ ಬಂತು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 79 ಮತ್ತು 80ನೇ ಕಲಮುಗಳು ಜೂಜಿನ ಮನೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಅಪರಾಧವೆನ್ನುತ್ತವೆ. ಪರವಾನಗಿ ಪಡೆದ ರೇಸ್ ಕೋರ್ಸಿನ ಆವರಣದೊಳಗೆ ಕುದುರೆಯ ಮೇಲೆ ಕಟ್ಟುವ ಬಾಜಿಗೆ ವಿನಾಯಿತಿಯಿದೆ. ಬರಿಯ ಕೌಶಲದ ಆಟಗಳಿಗೆ 176ನೇ ಕಲಮಿನ ರಕ್ಷಣೆಯಿದೆ. ಹೋಟೆಲಿನವನು ತನ್ನ ಸಭಾಂಗಣದಲ್ಲಿ ರೂಲೆಟ್ ಮೇಜು ಹಾಕಿ ಪಾಲು ತೆಗೆದುಕೊಂಡರೆ ಅದು ಜೂಜಿನ ಮನೆಯೇ, ನಕ್ಷತ್ರ ಎಷ್ಟಿದ್ದರೂ ಸರಿ. ಜೂಜನ್ನು ಗೊತ್ತುಮಾಡಿದ ಒಂದೇ ಕಡೆ ಕಟ್ಟಿಹಾಕಿ ಅದರಿಂದ ತೆರಿಗೆ ಎತ್ತುವ ಈ ಉಪಾಯ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಜೂಜಿಗೆ ಅಧ್ಯಕ್ಷನೊಬ್ಬನನ್ನು ನೇಮಿಸಿ, ಬೇರೆಡೆ ಆಡಿದವರಿಗೆ ದಂಡ ಹಾಕಿ, ಗೆದ್ದ ಹಣದಲ್ಲಿ ನೂರಕ್ಕೆ ಐದು ವಸೂಲು ಮಾಡಬೇಕೆನ್ನುತ್ತದೆ.

ಸ್ವಾತಂತ್ರ್ಯದ ಹೊಸತರಲ್ಲಿ ಬೆಂಗಳೂರು ಇನ್ನೊಂದು ಬಗೆಯ ಜೂಜಿನ ರಾಜಧಾನಿಯಾಗಿತ್ತು ಎಂಬುದು ಈಗ ಹೆಚ್ಚಿನವರಿಗೆ ಮರೆತುಹೋಗಿದೆ. ಮುಂಬಯಿ ಸರ್ಕಾರ 1948ರಲ್ಲಿ ಬಹುಮಾನ ಸ್ಪರ್ಧೆಗಳ ಮೇಲೆ ತೆರಿಗೆ ಬಿಗಿ ಮಾಡಿದಾಗ ಆರ್.ಎಂ.ಡಿ. ಚಮರ್‌ಬಾಗವಾಲಾ ಅವರ ಸಂಸ್ಥೆ ಮೈಸೂರು ರಾಜ್ಯದಲ್ಲಿ ಕಂಪನಿ ನೋಂದಾಯಿಸಿತು. 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆಯನ್ನು ಬೆಂಗಳೂರಿನಲ್ಲಿ ಅಚ್ಚು ಹಾಕಿಸಿ, ಅದರ ಮೂಲಕ ಪದಬಂಧದ ಬಹುಮಾನ ಸ್ಪರ್ಧೆ ನಡೆಸಿತು. ಮೈಸೂರು ಸರ್ಕಾರ 1951ರ ತನ್ನ ಕಾಯ್ದೆಯಂತೆ ಪರವಾನಗಿ ಕೊಟ್ಟು ತೆರಿಗೆ ತೆಗೆದುಕೊಂಡಿತು. ಪತ್ರಿಕೆಯ ಬಹುಪಾಲು ಓದುಗರಿದ್ದದ್ದು ಮುಂಬಯಿ ರಾಜ್ಯದಲ್ಲಿ. 1952ರಲ್ಲಿ ಮುಂಬಯಿ, ಹೊರಗೆ ಅಚ್ಚಾಗಿ ಒಳಗೆ ಬರುವ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ಹಾಕಿದಾಗ ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ 1957ರಲ್ಲಿ ಕೊಟ್ಟ ತೀರ್ಪು ಇಂದಿಗೂ ಈ ಕ್ಷೇತ್ರದ ಅಡಿಗಲ್ಲು: ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ, ಹಾಗಾಗಿ ವ್ಯಾಪಾರ ಸ್ವಾತಂತ್ರ್ಯದ ಹಕ್ಕನ್ನು ಅದಕ್ಕೆ ಕೇಳುವಂತಿಲ್ಲ. ಭಾರತದಲ್ಲಿ ಕ್ಯಾಸಿನೊ ತೆರೆಯುವುದು ಯಾರ ಹಕ್ಕೂ ಆಗದೆ, ರಾಜ್ಯ ಬಯಸಿದರೆ ಮಾತ್ರ ಕೊಡುವ ಅನುಮತಿಯಾಗಿ ಉಳಿದದ್ದು ಈ ತೀರ್ಪಿನಿಂದ. ಬೆಂಗಳೂರಿನಲ್ಲಿ ಅಚ್ಚಾದ ಒಂದು ಪದಬಂಧ ಇಷ್ಟು ದೊಡ್ಡ ತತ್ತ್ವಕ್ಕೆ ಕಾರಣವಾಯಿತು.

ಎರಡನೆಯ ಕವಲು ಕೌಶಲದ್ದು. ಸಿಕಂದರಾಬಾದಿನ ಒಂದು ರಿಕ್ರಿಯೇಷನ್ ಕ್ಲಬ್ಬಿನ ಮೇಲೆ ನಡೆದ ಪೊಲೀಸ್ ದಾಳಿಯ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಕುದುರೆ ರೇಸಿಗೂ ಅದೇ ಮಾತು ಹೇಳಿತು. ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಇಸ್ಪೀಟಿನ ಕ್ಲಬ್ಬುಗಳು ಬಾಗಿಲು ತೆರೆದಿಟ್ಟದ್ದು 1967ರ ತೀರ್ಪಿನ ಆಸರೆಯಲ್ಲಿ. ಸಂಘ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ಗೋಡೆಗೆ ಸದಸ್ಯರ ಪಟ್ಟಿ, ಒಳಗೆ ಸುತ್ತು ಮೇಜುಗಳು. ರಮ್ಮಿ ಇರುವಷ್ಟು ಹೊತ್ತು ಕಾನೂನು ಸುಮ್ಮನಿರುತ್ತದೆ; ರಾತ್ರಿ ಮೇಲೇರಿದಂತೆ ಮೇಜಿನ ಮೇಲೆ ಅಂದರ್-ಬಾಹರ್ ಬಂದರೆ ಪೊಲೀಸರೂ ಬರುತ್ತಾರೆ. ಅಂದರ್-ಬಾಹರ್‌ನಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಒಂದು ಎಲೆ ತೆರೆದಿಟ್ಟು, ಅದರ ಜೋಡಿ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ಕಾಯುವುದಷ್ಟೇ. ಗೋವಾದ ಕ್ಯಾಸಿನೊಗಳು ಇದೇ ಆಟಕ್ಕೆ ರೂಲೆಟ್ ಪಕ್ಕದಲ್ಲೇ ಮೇಜು ಹಾಕಿವೆ.

ಬಡವರ ಕೈಗೆ ಸಿಕ್ಕಿದ್ದು ಓಸಿ ಮತ್ತು ಲಾಟರಿ. ಮುಂಬಯಿಯ ಹತ್ತಿ ಪೇಟೆಯ ದರದ ಮೇಲೆ ಹುಟ್ಟಿದ ಮಟ್ಕಾ, ಓಪನ್-ಕ್ಲೋಸ್ ಎಂಬುದು ಓಸಿಯಾಗಿ, ಕರ್ನಾಟಕದ ಬೀಡಿ ಅಂಗಡಿ, ಟೀ ಅಂಗಡಿಗಳಲ್ಲಿ ಚೀಟಿ ಬರೆಸುವ ಆಟವಾಯಿತು. ಅದರ ಮೇಲೆ ಪೊಲೀಸರು ಹಾಕುವ ಪೊಲೀಸ್ ಕಾಯ್ದೆಯ 78(3)ನೇ ಕಲಮು ಸ್ಟೇಷನ್ ಮೆಟ್ಟಿಲು ಹತ್ತದವರಿಗೂ ಗೊತ್ತು. ಲಾಟರಿಯದು ಇನ್ನೂ ದೊಡ್ಡ ಹಾವಳಿ. 1949ರಿಂದ ಕಾರ್ಖಾನೆಗಳ ಬಡಾವಣೆಯಾಗಿ ಬೆಳೆದ ರಾಜಾಜಿನಗರ, ಸಣ್ಣ ಕೈಗಾರಿಕೆಗಳ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಉದ್ದಕ್ಕೂ ಇದ್ದ ಗಿರಣಿ ಕಾರ್ಮಿಕರ ಕೇರಿಗಳು ವಾರದ ಬಟವಾಡೆಯ ಮೇಲೆ ನಡೆಯುವ ಸಂಸಾರಗಳು. ಬಸ್ ನಿಲ್ದಾಣದ ಪಕ್ಕದ ಲಾಟರಿ ಪೆಟ್ಟಿಗೆಯ ಮುಂದೆ ಹಲವು ರಾಜ್ಯಗಳ ಟಿಕೆಟ್ಟುಗಳು ತೋರಣ ಕಟ್ಟಿದ್ದ ಕಾಲದಲ್ಲಿ ಬಟವಾಡೆ ಮನೆ ಮುಟ್ಟದೆ ಹೋದ ದಿನಗಳು ಎಷ್ಟೋ. ಅಕ್ಕಿ ತರಲು ಕೊಟ್ಟ ಹಣ ಒಂದಂಕಿ ಲಾಟರಿಗೆ ಹೋದ ಕಥೆ ಆ ಕೇರಿಗಳ ಹೆಂಗಸರು ಹೇಳುವ ಸಾಮಾನ್ಯ ಕಥೆ. ಕ್ಯಾಸಿನೊ ಬೇಕು ಬೇಡ ಎಂಬ ಚರ್ಚೆಗೆ ಕೂರುವವರು ಮೊದಲು ಇದನ್ನು ಕೇಳಿಸಿಕೊಳ್ಳಬೇಕು.

1998ರ ಕೇಂದ್ರ ಲಾಟರಿ ಕಾಯ್ದೆ ಒಂದಂಕಿ ಬಹುಮಾನವನ್ನು ನಿಷೇಧಿಸಿತು. ಬೇರೆ ರಾಜ್ಯದ ಲಾಟರಿಯನ್ನು ತಡೆಯುವ ಅಧಿಕಾರವನ್ನೂ ರಾಜ್ಯಗಳಿಗೆ ಕೊಟ್ಟಿತು. ಆದರೆ 1999ರಲ್ಲಿ ಸುಪ್ರೀಂ ಕೋರ್ಟ್ ಒಂದು ಷರತ್ತನ್ನು ಸ್ಪಷ್ಟಪಡಿಸಿತು: ತಾನೇ ಲಾಟರಿ ನಡೆಸುವ ರಾಜ್ಯ ಪರರ ಲಾಟರಿಯನ್ನು ತಡೆಯುವಂತಿಲ್ಲ. ಕರ್ನಾಟಕಕ್ಕೆ ತನ್ನದೇ ಲಾಟರಿ ಇದ್ದುದರಿಂದ ಕೈ ಕಟ್ಟಿದಂತಾಗಿತ್ತು. 2004ರಲ್ಲಿ ತೆರಿಗೆ ಹಾಕಿ ನೋಡಿತು. ಆ ತೆರಿಗೆಯ ಸಿಂಧುತ್ವವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2022ರಲ್ಲಿ. ಅಷ್ಟು ಕಾಯದೆ ರಾಜ್ಯ 2007ರಲ್ಲಿ ತನ್ನ ಲಾಟರಿಯನ್ನೂ ಮುಚ್ಚಿ, ಎಲ್ಲ ಲಾಟರಿಗಳನ್ನೂ ನಿಷೇಧಿಸಿತು. ಅದೇ ವರ್ಷ ಸಾರಾಯಿಯೂ ನಿಂತಿತು. ಬರುತ್ತಿದ್ದ ಆದಾಯವನ್ನು ಬಿಟ್ಟುಕೊಟ್ಟು ತೆಗೆದುಕೊಂಡ ಈ ಎರಡು ತೀರ್ಮಾನಗಳಿಗೆ ರಾಜ್ಯದ ಆಡಳಿತ ಚರಿತ್ರೆಯಲ್ಲಿ ಈಗ ಸಿಗುತ್ತಿರುವುದಕ್ಕಿಂತ ದೊಡ್ಡ ಜಾಗ ಸಿಗಬೇಕು.

ಜೂಜಿನ ಆದಾಯ ಇಲ್ಲದ ಬೆಂಗಳೂರಿನ ಹೋಟೆಲುಗಳು ಬದುಕಿದ ಬಗೆ ಬೇರೆ. ಗಾಂಧಿನಗರದ ಲಾಡ್ಜುಗಳು ಕೋರ್ಟು ಕಚೇರಿಗೆ ಬರುವವರು, ಬಟ್ಟೆ ವ್ಯಾಪಾರಿಗಳು, ಸಿನಿಮಾ ಮಂದಿಯನ್ನು ನೆಚ್ಚಿಕೊಂಡವು. ಉಡುಪಿ ಹೋಟೆಲಿನವರು ಊಟ ತಿಂಡಿಯ ವಹಿವಾಟಿನ ಮೇಲೇ ವಸತಿಯನ್ನು ಕಟ್ಟಿದರು. ಮದ್ಯವಿರುವ ಕಡೆ ಅಬಕಾರಿ ಇಲಾಖೆಯ ಸಿಎಲ್-7 ಪರವಾನಗಿ ಮುಖ್ಯವಾಯಿತು. 1968ರ ನಿಯಮಗಳಡಿ ಬರುವ ಈ ಪರವಾನಗಿ ಬೇಕಾದರೆ ಹೋಟೆಲಿನಲ್ಲಿ ಇಂತಿಷ್ಟು ವಸತಿ ಕೋಣೆ ಇರಲೇಬೇಕು. ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಬದಿಯಲ್ಲಿ ಕೆಳಗೆ ಬಾರು, ಮೇಲೆ ಕೋಣೆಗಳಿರುವ ಬೋರ್ಡಿಂಗ್ ಅಂಡ್ ಲಾಡ್ಜಿಂಗ್ ಕಟ್ಟಡಗಳು ಸಾಲಾಗಿ ಎದ್ದದ್ದರ ಹಿಂದೆ ಈ ನಿಯಮದ ಪಾಲು ದೊಡ್ಡದು. ಬೇರೆ ದೇಶದಲ್ಲಿ ಜೂಜಿನ ಮೇಜು ಮಾಡುವ ಕೆಲಸವನ್ನು ಇಲ್ಲಿ ಬಾರು, ಮದುವೆ ಮತ್ತು ಸಮ್ಮೇಳನಗಳು ಮಾಡುತ್ತವೆ. ರಾಜಾಜಿನಗರ-ಮಲ್ಲೇಶ್ವರದ ಗಡಿಯಲ್ಲಿ, ಡಾ. ರಾಜ್‌ಕುಮಾರ್ ರಸ್ತೆಯ ಬ್ರಿಗೇಡ್ ಗೇಟ್‌ವೇ ಆವರಣದಲ್ಲಿ 2011ರಲ್ಲಿ ತೆರೆದ ಶೆರಟಾನ್, ಪಶ್ಚಿಮ ಭಾಗಕ್ಕೆ ಬಂದ ದೊಡ್ಡ ನಕ್ಷತ್ರ ಹೋಟೆಲು. ಪಕ್ಕದ ಮಾಲ್, ವರ್ಲ್ಡ್ ಟ್ರೇಡ್ ಸೆಂಟರ್ ಅದರ ಆಧಾರ.

ಆಡಲೇಬೇಕು ಎನ್ನುವವರು ರಾಜ್ಯದ ಗಡಿ ದಾಟುತ್ತಾರೆ. ಗೋವಾ 1976ರ ತನ್ನ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ಅವಕಾಶ ಕೊಟ್ಟಿತು; 1996ರಲ್ಲಿ ಹಡಗುಗಳಿಗೂ ವಿಸ್ತರಿಸಿತು. ಪಣಜಿಯ ಮಾಂಡವಿ ನದಿಯ ಮೇಲೆ ಇಂದು ಕಾಣುವ ತೇಲುವ ಕ್ಯಾಸಿನೊಗಳು ಬಂದದ್ದು ಹೀಗೆ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ವಾರಾಂತ್ಯಕ್ಕೆ ಅಲ್ಲಿಗೆ ಹೋಗುವವರ ಸಂಖ್ಯೆ ಕಡಿಮೆಯಿಲ್ಲ. 2020ರಲ್ಲಿ ಗೋವಾ ತನ್ನದೇ ನಿವಾಸಿಗಳು ಆಡದಂತೆ ತಡೆಯಿತು. ಕಾಠ್ಮಂಡುವಿನ ಸೋಲ್ಟಿ ಹೋಟೆಲಿನಲ್ಲಿ 1968ರಲ್ಲಿ ಶುರುವಾದ ಕ್ಯಾಸಿನೊದಲ್ಲೂ ನೇಪಾಳಿಗಳಿಗೆ ಆಟ ನಿಷಿದ್ಧವಾಗಿತ್ತು, ಭಾರತೀಯರಿಗೆ ಸ್ವಾಗತವಿತ್ತು. ತಮ್ಮ ಜನರಿಗೆ ಬೇಡವೆಂದದ್ದನ್ನು ನೆರೆಯವರಿಗೆ ಮಾರುವ ಈ ನೀತಿಯನ್ನು ಕರ್ನಾಟಕ ಅನುಸರಿಸದಿರುವುದು ಒಳ್ಳೆಯದು. ಅನುಸರಿಸುವ ಮಾತು ಬರಲೇ ಇಲ್ಲವೆಂದಲ್ಲ. 2020ರ ಫೆಬ್ರುವರಿಯಲ್ಲಿ ಆಗಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಪ್ರವಾಸಿಗರನ್ನು ಸೆಳೆಯಲು ಕ್ಯಾಸಿನೊಗಳ ಪ್ರಸ್ತಾಪವೆತ್ತಿದರು. ಟೀಕೆ ಬಂದೊಡನೆ ಅಂಥ ಯೋಜನೆ ಸರ್ಕಾರದ ಮುಂದಿಲ್ಲ ಎಂದು ಸ್ಪಷ್ಟನೆ ಕೊಟ್ಟರು. ಮಾತು ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಜೂಜಿಗೆ ಕಟ್ಟಡವೇ ಬೇಡವಾಗಿತ್ತು. ಆನ್‌ಲೈನ್ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಆಡಿಸುವ ದೊಡ್ಡ ಕಂಪನಿಗಳಲ್ಲಿ ಹಲವು ಬೆಂಗಳೂರಿನಲ್ಲೇ ಬೆಳೆದವು: 2017ರ ಗೇಮ್ಸ್‌ಕ್ರಾಫ್ಟ್, 2018ರ ಎಂಪಿಎಲ್. ರಸ್ತೆ ದಾಟಿ ಹೋಗಬೇಕಿದ್ದ ಪಣದ ಕಿಟಕಿ ಪಿ.ಜಿ.ಯ ಮಂಚದ ಮೇಲಿನ ಹುಡುಗನ ಕೈಯೊಳಗೇ ಬಂತು. ಹಾಸಿಗೆ ಮತ್ತು ಬಾಜಿಯನ್ನು ದೂರ ಇಟ್ಟಿದ್ದ ನೂರು ವರ್ಷದ ಏರ್ಪಾಡು ಇಲ್ಲಿ ಕುಸಿಯಿತು. ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್ 5ರಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟಗಳನ್ನೂ ಸೇರಿಸಿದ್ದೇ ಅದಕ್ಕೆ ಮುಳುವಾಯಿತು. 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದ ಮಾಡದೆ, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಇಂಥ ಆಟ ಒದಗಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವರನ್ನು ಶಿಕ್ಷೆಯ ವ್ಯಾಪ್ತಿಗೆ ತರದಿರುವುದು ಈ ಕಾಯ್ದೆಯ ವಿವೇಕ. ಅದನ್ನು ಪ್ರಶ್ನಿಸಿ ಮೊದಲು ಕರ್ನಾಟಕ ಹೈಕೋರ್ಟಿನಲ್ಲೇ ಅರ್ಜಿ ಸಲ್ಲಿಕೆಯಾಗಿ, ಬಳಿಕ ವಿಚಾರಣೆ ಸುಪ್ರೀಂ ಕೋರ್ಟಿಗೆ ವರ್ಗವಾಯಿತು.

ರೇಸ್ ಕೋರ್ಸಿನ ಗುತ್ತಿಗೆ 2009ರ ಕೊನೆಗೇ ಮುಗಿದಿದೆ. ಓಟವನ್ನು ಊರಾಚೆಗೆ ಸಾಗಿಸುವ ಯೋಚನೆ ಹಲವು ಸರ್ಕಾರಗಳ ಕಾಲದಲ್ಲಿ ಬಂದು ಹೋಗಿ, ವ್ಯಾಜ್ಯದಲ್ಲಿ ಎಳೆದಾಡಿದೆ. 2023ರ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ಮೊತ್ತದ ಮೇಲೆ ನೂರಕ್ಕೆ 28ರಂತೆ ಜಿಎಸ್‌ಟಿ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊ, ರೇಸು, ಲಾಟರಿಗಳಿಗೆ ಅದು 40ಕ್ಕೆ ಏರಿತು. ಸವಾರರು, ಲಾಯ ಕಾಯುವವರು, ಲಾಳ ಹೊಡೆಯುವವರು, ಹುಲ್ಲು ತರುವವರು ಎಂದು ಈ ಆವರಣವನ್ನು ನಂಬಿದ ಕುಟುಂಬಗಳು ಅನೇಕ. ಸ್ಥಳಾಂತರ ಯಾವಾಗ ಆದರೂ ಅವರ ಕೆಲಸದ ಏರ್ಪಾಡು ಮೊದಲು ಆಗಬೇಕು. ಹಸಿರಾಗಿ ಉಳಿದಿರುವ ಎಂಬತ್ತು ಚಿಲ್ಲರೆ ಎಕರೆಯ ಮೇಲೆ ಹೊಸ ಹೋಟೆಲೂ ಮಾಲೂ ಏಳದೆ, ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಂಥ ಉದ್ಯಾನ ಪಶ್ಚಿಮದವರಿಗೂ ಸಿಗಲಿ ಎಂಬ ಬೇಡಿಕೆ ಹಳೆಯದು, ಮತ್ತು ನ್ಯಾಯವಾದದ್ದು.